ಸೊಗಡು ತಪ್ಪಿದಾಗ



ಅವರೆಕಾಯಿಯ ಕಾಲ ಬಂತೆಂಬುದನ್ನು ನಮ್ಮ ಸೀಮೆಯವರು ಕಣ್ಣಿಗಿಂತ ಮುಂಚೆ ಮೂಗಿನಿಂದ ಅರಿಯುತ್ತಾರೆ. ಮಂಜು ಬಿದ್ದ ಕಾಯಿಯ ಆ ಕಂಪಿಗೆ ಕನ್ನಡದಲ್ಲಿ ಸೊಗಡು ಎಂಬ ಪ್ರತ್ಯೇಕವಾದ ಮಾತೇ ಉಂಟು.

೨೦೨೧ರ ಸಂಕ್ರಾಂತಿಗೆ ನಾವು ನಮ್ಮ ಊರಾದ ಕೆಂಪಾಪುರಕ್ಕೆ ಹೋಗಿದ್ದೆವು. ಮಾಗಡಿ ತಾಲ್ಲೂಕಿನಲ್ಲಿ ಕೆಂಪೇಗೌಡರ ಸಮಾಧಿಯಿರುವ ಗ್ರಾಮವದು. ತಾಯಿಯವರು ಬಿಸಿ ಮುದ್ದೆಯನ್ನೂ ಹಿತಕಿದ ಅವರೆಬೇಳೆಯ ಸಾರನ್ನೂ ಬಡಿಸಿದರು. ಬಾಯಿಗಿಟ್ಟರೆ ಉಪ್ಪಿತ್ತು, ಹುಳಿಯಿತ್ತು, ಖಾರವೂ ಇತ್ತು. ಅವರೆ ಮಾತ್ರ ಇರಲಿಲ್ಲ. ಮೂರು ತಿಂಗಳ ಹಿಂದೆ ನಮಗೆ ಕೋವಿಡ್ ಜ್ವರ ಬಂದು ಹೋಗಿತ್ತು. ಹೋಗುವಾಗ ಸೊಗಡನ್ನೂ ಹೊತ್ತುಕೊಂಡು ಹೋಗಿತ್ತು. “ಯಾಕಪ್ಪ, ಸಾರು ಚೆನ್ನಾಗಿಲ್ಲವೆ?” ಎಂದು ತಾಯಿ ಕೇಳಿದರು. “ಚೆನ್ನಾಗಿದೆಯಮ್ಮ” ಎಂದೆವು. ಅದು ಸುಳ್ಳೆಂದು ಅವರಿಗೆ ತಿಳಿಯಿತು, ಏಕೆಂಬುದು ತಿಳಿಯಲಿಲ್ಲ. ತಮ್ಮ ಕೈರುಚಿಯೇ ಕೆಟ್ಟಿತೆಂದು ಅವರು ನೊಂದುಕೊಂಡರು.

ಇಂಥ ನೋವನ್ನು ತಪ್ಪಿಸಬೇಕಾದರೆ ನಡೆದುದೇನೆಂಬುದನ್ನು ಅರಿಯುವುದು ಆವಶ್ಯಕ. ನಾಲಗೆಯು ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮೊದಲಾದ ಕೆಲವನ್ನು ಮಾತ್ರ. ಖಾರವೆಂಬುದು ರುಚಿಯಲ್ಲ, ಉರಿಯ ಅನುಭವ. ಉಳಿದುದೆಲ್ಲವೂ ಅಗಿಯುವಾಗ ಗಂಟಲ ಹಿಂಬದಿಯಿಂದ ಮೂಗಿಗೇರುವ ಪರಿಮಳ. ಈ ಜ್ವರದಲ್ಲಿ ನಾಲಗೆಯೂ ಮಂಕಾಗುವುದುಂಟು; ಆದರೆ ರುಚಿ ಹೋಯಿತೆಂದು ನಾವು ಹೇಳುವಾಗ ಬಹುಮಟ್ಟಿಗೆ ಹೋದದ್ದು ವಾಸನೆಯೇ. ಮೂಗಿನ ಮೇಲ್ಭಾಗದಲ್ಲಿ ವಾಸನೆಯನ್ನು ಗ್ರಹಿಸುವ ನರಕೋಶಗಳಿಗೆ ಆಸರೆಯಾಗಿ ಬೇರೆ ಕೋಶಗಳಿವೆ. ಕೋವಿಡ್ ವೈರಸ್ಸು ಮುಖ್ಯವಾಗಿ ಹೊಕ್ಕು ಕೆಡಿಸುವುದು ಈ ಆಸರೆಯ ಕೋಶಗಳನ್ನು. ವಾಸನೆಯ ನರಕೋಶಗಳು ಮತ್ತೆ ಹುಟ್ಟಬಲ್ಲವು ಎಂಬುದೇ ನಮಗಿರುವ ಭರವಸೆ. ಬಹುಮಂದಿಗೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಕೆಲವರಿಗೆ ತಿಂಗಳುಗಳು, ವರ್ಷಗಳೂ ಬೇಕಾಗುತ್ತವೆ. ನಡುವೆ ಕಾಫಿಯೂ ಈರುಳ್ಳಿಯ ಒಗ್ಗರಣೆಯೂ ಕೊಳೆತಂತೆ ನಾರುವುದುಂಟು. ಇದು ಅನೇಕ ವೇಳೆ ಚೇತರಿಕೆಯ ದಾರಿಯಲ್ಲಿ ಬರುವ ಅವಸ್ಥೆಯಾದುದರಿಂದ ಎದೆಗೆಡಬೇಕಾಗಿಲ್ಲ.

ಮಾಡತಕ್ಕುದೇನು? ಜರ್ಮನಿಯ ಡ್ರೆಸ್ಡೆನ್ ನಗರದ ವೈದ್ಯ ಥಾಮಸ್ ಹುಮ್ಮೆಲ್ ಮತ್ತು ಅವರ ಸಂಗಡಿಗರು ೨೦೦೯ರಲ್ಲಿ ಒಂದು ಅಭ್ಯಾಸವನ್ನು ಪ್ರಕಟಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆರಡು ಸಲ, ಒಂದೊಂದನ್ನೂ ಕೆಲವು ಕ್ಷಣ, ಮನಸ್ಸಿಟ್ಟು ಮೂಸಬೇಕು. ೧೨ ವಾರಗಳಾದರೂ ಬಿಡದೆ ಮಾಡಬೇಕು. ಎಲ್ಲರಿಗೂ ಫಲಿಸುವುದೆಂದಲ್ಲ, ಆದರೆ ಖರ್ಚಿಲ್ಲ, ಕೇಡಿಲ್ಲ. ಕೊರತೆ ಬಹುದಿನ ಉಳಿದರೆ ಮೂಗು ಗಂಟಲಿನ ವೈದ್ಯರನ್ನು ಕಾಣುವುದು ಲೇಸು.

ಎಚ್ಚರಿಕೆಯೂ ಬೇಕು. ಅಡುಗೆ ಅನಿಲಕ್ಕೆ ದುರ್ಗಂಧವನ್ನು ಬೆರೆಸಿರುವುದು ಸೋರಿದರೆ ತಿಳಿಯಲೆಂದು. ಮೂಗಿಲ್ಲದವನಿಗೆ ಅದು ತಿಳಿಯದು. ಹಾಲು ಹಳಸಿದ್ದು, ಒಲೆಯ ಮೇಲಿನದು ಸೀದದ್ದು, ಇವನ್ನು ಮನೆಯ ಇನ್ನೊಬ್ಬರು ನೋಡಿ ಹೇಳಬೇಕು. ಸಪ್ಪೆಯೆಂದು ಉಪ್ಪನ್ನು ಸುರಿದುಕೊಳ್ಳದೆ, ನಿಂಬೆಯ ಹುಳಿಯಲ್ಲಿಯೂ ಹಪ್ಪಳದ ಗರಿಮುರಿಯಲ್ಲಿಯೂ ಊಟದ ಸೊಗಸನ್ನು ಅರಸಬೇಕು.

ಇಷ್ಟೆಲ್ಲಕ್ಕೂ ಮೊದಲು ಮನೆಯವರಿಗೆ ನಿಜವನ್ನು ಹೇಳಬೇಕು. ನಾವು ಮರುದಿನ ಹೇಳಿದೆವು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನೆಯೇ ಹೇಳಬಾರದಿತ್ತೆ?” ಎಂದರು. ಅಂದಿನಿಂದ ನಮ್ಮ ಎಲೆಯ ಪಕ್ಕದಲ್ಲಿ ಎರಡು ಲವಂಗವೂ ಒಂದು ನಿಂಬೆಹಣ್ಣೂ ತಪ್ಪದೆ ಇರುತ್ತಿದ್ದವು. ಮುಂದಿನ ವರ್ಷದ ಅವರೆಯ ಕಾಲದಲ್ಲಿ, ಕಾಯಿ ಸುಲಿಯುತ್ತಿದ್ದ ಅವರ ಬಳಿ ಕುಳಿತಿದ್ದಾಗ, ಸೊಗಡು ಒಂದು ಸಾರಿ ಸುಳಿದು ಹೋಯಿತು. ಅದು ಇನ್ನೂ ಪೂರ್ತಿಯಾಗಿ ಮರಳಿಲ್ಲ. ಆದರೆ ಸಾರು ಹೇಗಿದೆಯೆಂದು ಅವರು ಕೇಳಿದರೆ, ಈಗ ನಾವು ಇದ್ದುದನ್ನು ಇದ್ದಂತೆಯೇ ಹೇಳುತ್ತೇವೆ.