ಹಳೆಯ ಕಯಾಕಿನ ಆರೋಗ್ಯ ತಪಾಸಣೆ



ಇನ್ಯೂಟ್ ಜನರು ಮರದ ಹಂದರಕ್ಕೆ ಸೀಲ್ ಚರ್ಮ ಹೊದಿಸಿ ಕಯಾಕ್ ಕಟ್ಟಿದರು. ನಮ್ಮ ತುಂಗಭದ್ರೆಯ ಹರಿಗೋಲಿಗೂ ಹಿಂದೆ ಬಿದಿರಿನ ಹೆಣಿಗೆ, ಚರ್ಮದ ಹೊದಿಕೆ. ಇಂದು ಚರ್ಮದ ಸ್ಥಾನದಲ್ಲಿ ಹೆಚ್ಚಾಗಿ ಪಾಲಿಎಥಿಲೀನ್ ಅಥವಾ ಫೈಬರ್‌ಗ್ಲಾಸ್ ಇದೆ. ಮೊದಲನೆಯದು ಬಂಡೆಯ ಪೆಟ್ಟನ್ನು ತಾಳುತ್ತದೆ. ಆದರೆ ಭಾರ ಹೆಚ್ಚು, ಬಿಸಿಲಿಗೆ ಕ್ರಮೇಣ ಪೆಡಸಾಗುತ್ತದೆ, ಅಂಟು ಸುಲಭವಾಗಿ ಹಿಡಿಯದು. ಎರಡನೆಯದು ಹಗುರ, ಪೆಟ್ಟಿಗೆ ಬಿರಿದರೂ ಗಾಜಿನ ನಾರಿನ ಬಟ್ಟೆ ಮತ್ತು ರಾಳದಿಂದ ಮನೆಯಲ್ಲೇ ವಾಸಿಮಾಡಬಹುದು.

ರೋಗಿಯ ಮುಖವನ್ನಷ್ಟೇ ನೋಡಿ ಔಷಧ ಬರೆಯದ ನಾವು, ದೋಣಿಯ ಹೊಳಪು ನೋಡಿ ಮೋಸಹೋದೆವು. ಒಳಗಿನ ಅಡ್ಡಗೋಡೆಯ ಅಂಟು ಬಿಟ್ಟಿತ್ತು. ಪ್ಯೂಜೆಟ್ ಸೌಂಡ್‌ನಲ್ಲಿ ಮಗುಚಿದಾಗ ಹಿಂದಿನ ಗಾಳಿಕೋಣೆಗೂ ನೀರು ನುಗ್ಗಿತು. ಸುಮಾರು 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಬೆರಳುಗಳು ನಿಮಿಷಗಳಲ್ಲೇ ಸೋತವು. ತೊಟ್ಟಿದ್ದ ಲೈಫ್ ಜಾಕೆಟ್, ಜೊತೆಗಿದ್ದ ಮಗಳ ದೋಣಿ ನಮ್ಮನ್ನು ಉಳಿಸಿದವು.

ಆದುದರಿಂದ, ಕೊಳ್ಳುವ ಮುನ್ನ ಕೋಣೆಗಳಿಗೆ ಒಂದೆರಡು ಬಕೆಟ್ ನೀರು ಸುರಿದು, ದೋಣಿಯನ್ನು ವಾಲಿಸಿ, ಕೂರುವೆಡೆಗೆ ಜಿನುಗುವುದೇ ನೋಡಿರಿ. ಸಮುದ್ರದಿಂದ ಬಂದೊಡನೆ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿಡಿರಿ. ಪ್ರತಿ ಋತುವಿನ ಆರಂಭದಲ್ಲಿ ಈ ತಪಾಸಣೆ ಪುನಃ ನಡೆಯಲಿ. ರೋಗ ನೀರಿನಲ್ಲಿ ಕಾಣಿಸಿಕೊಳ್ಳುವುದಕ್ಕಿಂತ ಅಂಗಳದಲ್ಲಿ ಸಿಕ್ಕುವುದು ಲೇಸು.