ಹಳ್ಳದ ಪಾಲು
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದಲ್ಲಿ ನನಗಿಂತ ಮೊದಲು ಮಾತಾಡಿದ ವಿದ್ವಾಂಸರು ಶ್ರೀಮಠದ ಗುರುಪರಂಪರೆಯನ್ನೂ ದಾಸೋಹವನ್ನೂ ಪಾಠಶಾಲೆಯನ್ನೂ ಕುರಿತು ವಿಸ್ತಾರವಾಗಿ ಹೇಳಿರುವರು. ನನಗಾದ ಅಪ್ಪಣೆಯು ನಮ್ಮ ನೆಲಜಲಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು. ವ್ಯಾಕರಣದಲ್ಲಿಯೂ ಸಿದ್ಧಾಂತಗ್ರಂಥಗಳಲ್ಲಿಯೂ ತಲೆ ನರೆಸಿಕೊಂಡವನಿಗೆ ಭೂಗೋಲಶಾಸ್ತ್ರದಲ್ಲಿ ಅಧಿಕಾರವೆಲ್ಲಿಯದು? ಆದರೆ ಮಠದ ಹೊಲದ ಅಂಚಿಗೆ ಹರಿಯುವ ಬೆಣ್ಣೆಹಳ್ಳವನ್ನು ಬಾಲಕನಾಗಿ ಪಾಠಶಾಲೆಗೆ ಸೇರಿದಂದಿನಿಂದ ಇಂದಿನ ವರೆಗೂ ನೋಡುತ್ತ ಬಂದಿರುವೆನು. ಆ ನೋಟದ ಬಲದಿಂದಲೇ ಈ ಸಾಹಸ.

ನಮ್ಮ ಜನರು ಹೊಳೆಗೂ ಹಳ್ಳಕ್ಕೂ ಭೇದವೆಣಿಸುವರು. ಹೊಳೆಗೆ ವರ್ಷವೆಲ್ಲ ಹರಿವುಂಟು. ಹಳ್ಳಕ್ಕೆ ಮಳೆಯೇ ಪ್ರಾಣ. ಬೇಸಗೆಯಲ್ಲಿ ಅದು ಅಲ್ಲಲ್ಲಿ ಮಡುಗಟ್ಟಿ, ಉಳಿದಲ್ಲಿ ಬರಿದಾಗಿ ಮಲಗಿರುವದು. ಶಿಗ್ಗಾವಿ ತಾಲೂಕಿನ ದುಂಡಶಿಯ ಕಡೆಯ ಎತ್ತರದ ನೆಲದಲ್ಲಿ ಹುಟ್ಟುವ ಬೆಣ್ಣೆಹಳ್ಳವು ಕುಂದಗೋಳ, ಹುಬ್ಬಳ್ಳಿ, ನವಲಗುಂದಗಳ ಸೀಮೆಯನ್ನು ಹಾಯ್ದು, ಕೊನೆಗೆ ರೋಣ ತಾಲೂಕಿನ ಮೆಣಸಗಿಯ ಬಳಿ ಮಲಪ್ರಭೆಯನ್ನು ಕೂಡುವದು. ಈಗ ಈ ದಾರಿಯಲ್ಲಿ ಹಾವೇರಿ, ಧಾರವಾಡ, ಗದಗ ಎಂಬ ಮೂರು ಜಿಲ್ಲೆಗಳಿರುವವು. 1997ರ ವರೆಗೆ ಇವೆಲ್ಲವೂ ಒಂದೇ ಧಾರವಾಡ ಜಿಲ್ಲೆಯಾಗಿದ್ದವು. ಹಳ್ಳಕ್ಕೆ ಅಂದೂ ಗಡಿ ತಿಳಿದಿರಲಿಲ್ಲ, ಇಂದೂ ತಿಳಿಯದು. ನಡುವೆ ಬಂದು ಕೂಡುವ ಉಪನದಿಗಳಲ್ಲಿ ತುಪ್ಪರಿಹಳ್ಳವು ಮುಖ್ಯವಾದುದು. ಬೆಣ್ಣೆಯೂ ತುಪ್ಪವೂ ಹರಿಯುವ ನಾಡಿದು ಎಂದು ನಮ್ಮ ರೈತರು ವಿನೋದವಾಡುವದುಂಟು. ನೆರೆ ಬಂದ ವರ್ಷ ಮಾತ್ರ ಆ ವಿನೋದವು ಯಾರ ಬಾಯಲ್ಲಿಯೂ ಬಾರದು.

ಇದರ ಸ್ವಭಾವವನ್ನು ಅರಿಯಬೇಕಾದರೆ ಮೊದಲು ನೆಲವನ್ನು ಅರಿಯಬೇಕು. ನಮ್ಮದು ಎರೆಯ ನೆಲ. ಬೇಸಗೆಯಲ್ಲಿ ಎರೆಯು ಬಿರಿದು ಕರುವಿನ ಕಾಲು ಸಿಕ್ಕುವಷ್ಟು ಅಗಲದ ಬಿರುಕುಗಳಾಗುವವು. ಮೊದಲ ಮಳೆಯ ನೀರೆಲ್ಲ ಆ ಬಿರುಕುಗಳಲ್ಲಿಯೇ ಇಂಗುವದು. ಹಳ್ಳಕ್ಕೆ ಹನಿಯೂ ಬಾರದು. ನೀರುಂಡ ಎರೆಯು ಉಬ್ಬಿ ಬಿರುಕುಗಳು ಮುಚ್ಚಿದ ಮೇಲೆ ಬಿದ್ದ ಮಳೆಯು ಇಂಗಲಾರದೆ ಮೇಲಿಂದ ಮೇಲೆಯೇ ಹರಿದು ಹಳ್ಳಕ್ಕೆ ಇಳಿಯುವದು. ಆದುದರಿಂದಲೇ ಜ್ಯೇಷ್ಠದಲ್ಲಿ ಸುರಿದ ದೊಡ್ಡ ಮಳೆಗೆ ಬಾರದ ನೆರೆಯು ಭಾದ್ರಪದದ ನಡುತರದ ಮಳೆಗೆ ಬರುವದುಂಟು.

ಎರಡನೆಯ ಕಾರಣವು ನೆಲದ ಇಳಿಜಾರು. ಮೇಲುಭಾಗದಲ್ಲಿ ಮಳೆ ಹೆಚ್ಚು, ಇಳಿಜಾರೂ ಉಂಟು. ನವಲಗುಂದದ ಬಯಲಿಗೆ ಬಂದಾಗ ಮಳೆ ಕಡಿಮೆ, ನೆಲವು ಅಂಗೈಯಂತೆ ಸಮ. ವೇಗವಾಗಿ ಬಂದ ನೀರು ಇಲ್ಲಿ ಮುಂದೆ ಸಾಗಲಾರದೆ ಹಾವಿನಂತೆ ಸುತ್ತುವದು. ದಂಡೆಗಳಲ್ಲಿ ಹಿಡಿಸದಿದ್ದರೆ ಹೊಲಗಳ ಮೇಲೆ ಹರಡಿ ದಿನಗಟ್ಟಲೆ ನಿಲ್ಲುವದು. ನಮ್ಮ ಊರಿನ ಮೇಲೆ ಮೋಡದ ತುಣುಕೂ ಇರದೆ ಬಿಸಿಲು ಕಾಯುತ್ತಿರುವಾಗಲೇ ಮೇಲುನಾಡಿನ ನೆರೆಯು ಬಂದು ದಾಟುದಾರಿಯನ್ನು ಮುಳುಗಿಸುವದನ್ನು ತಮ್ಮಲ್ಲಿ ಅನೇಕರು ಕಂಡಿರುವಿರಿ. 2009ರ ಸೆಪ್ಟೆಂಬರ ಕೊನೆಗೂ ಅಕ್ಟೋಬರ ಮೊದಲಿಗೂ, ಪುನಃ 2019ರ ಆಗಸ್ಟದಲ್ಲಿಯೂ ಬಂದ ಮಹಾಪೂರಗಳನ್ನು ಮರೆತವರು ಈ ಸಭೆಯಲ್ಲಿ ಯಾರೂ ಇರಲಾರರು.

ಆದರೆ ಹಳ್ಳವನ್ನು ಬರಿಯ ಉಪದ್ರವವೆಂದು ಬಗೆಯುವದು ಕೃತಘ್ನತೆಯಾದೀತು. ಹಳ್ಳವು ಹರಡಿಹೋದ ಮೆಕ್ಕಲು ಮಣ್ಣಿನಲ್ಲಿ ಹಿಂಗಾರಿಯ ಬಿಳಿಜೋಳವೂ ಕಡಲೆಯೂ ನೆಲದಲ್ಲಿ ಉಳಿದ ತೇವದಿಂದಲೇ ಬೆಳೆಯುವವು. ದಂಡೆಯ ಕರಿಜಾಲಿಯು ಕುಂಟೆ ಕೂರಿಗೆಗಳಿಗೆ ಕಟ್ಟಿಗೆಯನ್ನೂ, ಅದರ ಕಾಯಿಯು ಆಡುಕುರಿಗಳಿಗೆ ಮೇವನ್ನೂ ಕೊಟ್ಟಿತು. ಲಕ್ಕಿಯ ಪೊದೆ, ಆಪಿನ ಹುಲ್ಲು, ಕರಿಕೆ, ಇವುಗಳ ಬೇರು ಮಣ್ಣನ್ನು ಹಿಡಿದು ನಿಂತಿದ್ದವು. ಮಡುವಿನ ಮೇಲೆ ಮಿಂಚುಳ್ಳಿಯೂ, ಉಳುವ ಎತ್ತಿನ ಹಿಂದೆ ಬೆಳ್ಳಕ್ಕಿಯೂ ನಮ್ಮ ಬಾಲ್ಯದ ಸಹಪಾಠಿಗಳೇ ಸರಿ. ನವಲಗುಂದ ತಾಲೂಕಿನ ಯಮನೂರಿನ ಜಾತ್ರೆಯಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಬಂದು ಇದೇ ಹಳ್ಳದಲ್ಲಿ ಮೀಯುವರು; ಎಣ್ಣೆಯಿಲ್ಲದಾಗ ಅಲ್ಲಿ ಈ ನೀರಿನಿಂದಲೇ ದೀಪವುರಿಯಿತೆಂಬ ಐತಿಹ್ಯವೂ ಉಂಟು.

ಇನ್ನೊಂದು ಸಂಗತಿಯನ್ನು ಶರಣರಾದ ನಾವು ವಿಶೇಷವಾಗಿ ನೆನೆಯಬೇಕು. ಮೆಣಸಗಿಯಲ್ಲಿ ಹೆಸರನ್ನು ಕಳೆದುಕೊಂಡ ನಮ್ಮ ಹಳ್ಳದ ನೀರು ಮಲಪ್ರಭೆಯಾಗಿ ಪಟ್ಟದಕಲ್ಲು ಐಹೊಳೆಗಳನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು. ಬಸವಣ್ಣನವರ ವಚನಗಳ ಅಂಕಿತದಲ್ಲಿ ನೆಲೆಗೊಂಡ ಕ್ಷೇತ್ರವದು. ಅವರ ಐಕ್ಯಸ್ಥಲವೂ ಅದೇ. 1970ರ ದಶಕದಿಂದ ಮಲಪ್ರಭೆಯ ಮೇಲುನೀರನ್ನು ನವಿಲುತೀರ್ಥದ ಕಟ್ಟೆಯು ತಡೆದು ಕಾಲುವೆಗಳಿಗೆ ಹೊರಳಿಸುತ್ತಿರುವದು. ಬೆಣ್ಣೆಹಳ್ಳವು ಆ ಕಟ್ಟೆಯ ಕೆಳಗೆ ಬಂದು ಕೂಡುವದರಿಂದ, ಅದರ ನೀರಿಗೆ ಅಂಥ ತಡೆಯಿಲ್ಲ. ಎಂದ ಬಳಿಕ ನಾವು ಇಲ್ಲಿ ಹಳ್ಳಕ್ಕೆ ಚೆಲ್ಲಿದ ಕಸವೂ ಕೊಳೆಯೂ ಎಲ್ಲಿಗೆ ಹೋಗಿ ಮುಟ್ಟುವದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುವೆನು. ಇದನ್ನು ಉತ್ಸವದ ಸಂಭ್ರಮದಲ್ಲಿ ಆಡಬಹುದೇ ಎಂದು ಬಹಳ ಶಂಕಿಸಿದೆನು. ಸನ್ನಿಧಿಯವರಲ್ಲಿ ಬಿನ್ನವಿಸಲಾಗಿ, “ನಿಜವಾದದ್ದನ್ನು ಹೇಳಲು ಮಠಕ್ಕಿಂತ ಬೇರೆ ಸ್ಥಳವೆಲ್ಲಿ?” ಎಂದು ಅಪ್ಪಣೆ ಕೊಡಿಸಿದರು.

ನಾನು ವಿದ್ಯಾರ್ಥಿಯಾಗಿದ್ದಾಗ ಮಠದ ಹೊಲವನ್ನು ನೋಡಿಕೊಳ್ಳುತ್ತಿದ್ದ ಮುದುಕನೊಬ್ಬನಿದ್ದನು. ನಾವು ಅವನನ್ನು ಯಜ್ಜ ಎಂದೇ ಕರೆಯುತ್ತಿದ್ದೆವು. ಹೊಲದ ಕಡೆಯ ಸಾಲಿಗೂ ನೀರಿಗೂ ನಡುವೆ ಜಾಲಿ ಲಕ್ಕಿಗಳು ಬೆಳೆದ ಒಂದು ಪಟ್ಟಿ ನೆಲವನ್ನು ಅವನು ಎಂದೂ ಉಳುತ್ತಿರಲಿಲ್ಲ. ಇಷ್ಟು ಒಳ್ಳೆಯ ಎರೆಯನ್ನು ಬೀಳುಗೆಡವಿದ್ದೇಕೆಂದು ನಾನು ಕೇಳಿದಾಗ, “ಅದು ಹಳ್ಳದ ಪಾಲು, ತಮ್ಮಾ. ಅದರ ಪಾಲು ಅದಕ್ಕ ಕೊಡದಿದ್ರ, ನಮ್ಮ ಪಾಲಿಗೆ ಕೈ ಹಾಕ್ತದ” ಎಂದು ನಕ್ಕನು.

ಆ ಯಜ್ಜನು ಲಿಂಗೈಕ್ಯನಾದ ಬಹುಕಾಲದ ಮೇಲೆ ಹೊಲದ ಮೇಲ್ವಿಚಾರಣೆಯು ನನ್ನ ಪಾಲಿಗೆ ಬಂದಿತು. ದಾಸೋಹದ ವೆಚ್ಚ ಏರುತ್ತಿದ್ದಿತು. ಟ್ರ್ಯಾಕ್ಟರಿನವನು ಒಂದೇ ದಿನದಲ್ಲಿ ಜಾಲಿಯನ್ನು ಕಿತ್ತು ದಂಡೆಯ ತುದಿಯ ವರೆಗೆ ಉತ್ತುಕೊಡುವೆನೆಂದನು. ನಾನು ಒಪ್ಪಿದೆನು. ಮೂರು ವರ್ಷ ಆ ಪಟ್ಟಿಯಲ್ಲಿ ಕಡಲೆ ಚೆನ್ನಾಗಿ ಬಂದಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆನು. 2009ರ ಪೂರದಲ್ಲಿ ಬೇರಿಲ್ಲದ ದಂಡೆಯು ಕುಸಿಯಿತು. ಆ ಪಟ್ಟಿಯೊಂದೇ ಅಲ್ಲ, ಅದರ ಹಿಂದಿನ ಹೊಲವೂ ಒಂದಿಷ್ಟು ಹೋಯಿತು. ಅದಕ್ಕಿಂತ ಹೆಚ್ಚಿನ ನೋವು ಬೇರೊಂದು. ನಮ್ಮ ದಂಡೆ ಕುಸಿದಲ್ಲಿ ಹಳ್ಳವು ಹೊರಳಿ ಕೆಳಗಿನ ಬಡ ಒಕ್ಕಲಿಗನ ಹೊಲಕ್ಕೆ ನುಗ್ಗಿತು. ಅವನು ಮಠದ ಭಕ್ತನು. ನನ್ನ ಮುಂದೆ ಒಂದು ಮಾತನ್ನೂ ಆಡಲಿಲ್ಲ. ಆ ವರ್ಷವೂ ತನ್ನ ಕಾಣಿಕೆಯ ಜೋಳವನ್ನು ತಂದು ದಾಸೋಹದ ಮನೆಯಲ್ಲಿ ಸುರಿದುಹೋದನು. ಅವನ ಮೌನವು ಇಂದಿಗೂ ನನ್ನನ್ನು ಸುಡುತ್ತಿರುವದು.

ನಾನೊಬ್ಬನೇ ಹೀಗೆ ಮಾಡಿದೆನೆಂದಲ್ಲ. ಹಳ್ಳದ ಉದ್ದಕ್ಕೂ ದಂಡೆಗಳು ಕಿರಿದಾಗಿರುವವು. ಪಾತ್ರದಲ್ಲಿ ಹೂಳು ತುಂಬಿ, ಅದರಲ್ಲಿ ಬಳ್ಳಾರಿ ಜಾಲಿಯು ಹಬ್ಬಿ ನೀರಿಗೆ ಅಡ್ಡ ನಿಂತಿರುವದು. ಹಳ್ಳವನ್ನು ಅಗೆದು ಆಳ ಮಾಡಿದರೆ ಸಾಕೆಂದು ಕೆಲವರು ಹೇಳುವರು. ಹೂಳನ್ನೂ ಬಳ್ಳಾರಿ ಜಾಲಿಯನ್ನೂ ತೆಗೆಯುವದು ಬೇಕಾದದ್ದೇ. ಆದರೆ ನಮ್ಮೂರಿನಲ್ಲಿ ಮಾತ್ರ ಅಗೆದು ನೆಟ್ಟಗೆ ಮಾಡಿದರೆ ನಮ್ಮ ನೆರೆಯನ್ನು ಕೆಳಗಿನ ಊರಿಗೆ ಬೇಗನೆ ಕಳಿಸಿಕೊಟ್ಟಂತಾಗುವದು. ಮೇಲಿನ ಹೊಲಗಳಲ್ಲಿ ಒಡ್ಡು ಹಾಕಿ ಮಳೆಯ ನೀರನ್ನು ಮೆಲ್ಲಗೆ ಇಳಿಸುವದು, ಕೆಳಗೆ ಹಳ್ಳಕ್ಕೆ ಹರಡಲು ಎಡೆ ಬಿಡುವದು, ದಂಡೆಯಲ್ಲಿ ಬೇರು ನಿಲ್ಲಿಸುವದು: ಈ ಮೂರೂ ಕೂಡಿದರೇ ಪರಿಹಾರ.

ಆದುದರಿಂದ ಸನ್ನಿಧಿಯವರ ಸಮಕ್ಷಮದಲ್ಲಿ ನನ್ನದೊಂದು ವಿಜ್ಞಾಪನೆ. ಈ ಮಹೋತ್ಸವದ ನೆನಪಿಗೆ ಶ್ರೀಮಠವು ತನ್ನ ಹೊಲದಲ್ಲಿ ಹಳ್ಳದ ಪಾಲನ್ನು ಹಳ್ಳಕ್ಕೆ ಮರಳಿ ಕೊಡಲಿ. ಅಲ್ಲಿ ನೇಗಿಲು ಹೂಡದೆ ಕರಿಜಾಲಿ, ಲಕ್ಕಿ, ಆಪುಗಳನ್ನು ಬೆಳೆಯಗೊಡಲಿ. ಕೆಳಗಿನ ಒಕ್ಕಲಿಗನ ಹೊಲದ ದಂಡೆಯನ್ನು ಮಠವೇ ಕಟ್ಟಿಸಿಕೊಡಲಿ. ಅದು ದಾನವಲ್ಲ, ಋಣ. ಉತ್ಸವದ ಈ ದಿನಗಳ ಊಟದ ಎಲೆಯೂ ಪ್ಲಾಸ್ಟಿಕ್ ಲೋಟಗಳೂ ಹಳ್ಳಕ್ಕೆ ಬೀಳದಂತೆ ಇಂದಿನಿಂದಲೇ ಪಾಠಶಾಲೆಯ ಮಕ್ಕಳು ಕಾಯಲಿ. ಮಠವು ಮೊದಲು ಮಾಡಿದರೆ ಭಕ್ತರು ಮಾಡದೆ ಇರಲಾರರು. ಮಠವು ಮಾಡದೆ ಉಪದೇಶಿಸಿದರೆ ಯಾರೂ ಕೇಳಬೇಕಾದ ಕಾರಣವಿಲ್ಲ.

ದಾಸೋಹವೆಂದರೆ ತನ್ನ ಪಾಲನ್ನು ತಾನು ಮಿತಿಗೊಳಿಸಿ ಇತರರ ಪಾಲನ್ನು ಅವರಿಗೆ ಮುಟ್ಟಿಸುವದೆಂದು ನಾನು ಮಕ್ಕಳಿಗೆ ಬಹುಕಾಲದಿಂದ ಪಾಠ ಹೇಳುತ್ತಿರುವೆನು. ಅದರ ಅರ್ಥವನ್ನು ಓದು ಬಾರದ ಯಜ್ಜನು ನನಗಿಂತ ಮೊದಲೇ ಬಲ್ಲವನಾಗಿದ್ದನು. ಆತನಿಗೆ ನನ್ನ ಕೊನೆಯ ಶರಣುಗಳನ್ನು ಸಲ್ಲಿಸುವೆನು.