ಮಿಡಿಸೌತೆಯೂ ಗಾಳಿಯ ಒಲೆಯೂ

ಉಪ್ಪಿನಕಾಯಿಯನ್ನು ಕರಿಯುವುದುಂಟೆ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೆಯೇ ಕೇಳಿದವನು. ಮಾವಾಗಲಿ, ನಿಂಬೆಯಾಗಲಿ, ಹೇರಳೆಯಾಗಲಿ, ಖಾರ ಸಾಸಿವೆಗಳೊಡನೆ ಭರಣಿಯನ್ನು ಸೇರಿದ ಮೇಲೆ ಅದಕ್ಕೆ ಮತ್ತೆ ಒಲೆಯ ಮುಖ ತೋರಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಆದರೆ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ಉಪ್ಪಿನಕಾಯಿ ಎಂದರೆ ಉಪ್ಪಿನಲ್ಲಿ ಊರಿದ ಕಾಯಿ. ಖಾರದ ಮಾತು ಆ ಹೆಸರಿನಲ್ಲಿ ಇಲ್ಲವೇ ಇಲ್ಲ. ಇನ್ನು ಉಪ್ಪುಂಡ ಕಾಯಿಯನ್ನು ಕರಿಯುವುದಾದರೂ ಹೊಸದೆ? ಉಪ್ಪು ಮಜ್ಜಿಗೆಯಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿದ ಮೆಣಸಿನಕಾಯಿಯನ್ನು ಕರಿದು ಮೊಸರನ್ನಕ್ಕೆ ನಂಚಿಕೊಳ್ಳದ ಕನ್ನಡಿಗರು ಯಾರು? ಅದಕ್ಕೆ ಬಾಳಕವೆಂದು ಹೆಸರು. ನಾನು ಈಗ ಹೇಳಹೊರಟಿರುವುದು ಬಾಳಕದ ದೂರದ ಬಂಧುವೊಂದರ ಸಮಾಚಾರ.

ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಅಟ್ಕಿನ್ಸ್ ಎಂಬ ಸಣ್ಣ ಊರು ಉಂಟು. ಅಲ್ಲಿ ಉಪ್ಪಿನಕಾಯಿಯ ಕಾರ್ಖಾನೆಯೊಂದಿತ್ತು. ಅದರ ಎದುರಿಗೇ ಉಪಾಹಾರ ಗೃಹವನ್ನಿಟ್ಟುಕೊಂಡಿದ್ದ ಬರ್ನೆಲ್ ಆಸ್ಟಿನ್ ಎಂಬವರು 1963ರಲ್ಲಿ ಆ ಉಪ್ಪಿನಕಾಯಿಯನ್ನೇ ಹೆಚ್ಚಿ, ಹಿಟ್ಟು ಹಚ್ಚಿ, ಎಣ್ಣೆಯಲ್ಲಿ ಕರಿದು ಗಿರಾಕಿಗಳಿಗೆ ಕೊಟ್ಟರು. ಅಲ್ಲಿಂದ ಮುಂದೆ ಈ ತಿನಿಸು ಅಮೆರಿಕದ ದಕ್ಷಿಣ ರಾಜ್ಯಗಳಲ್ಲೆಲ್ಲ ಹೆಸರಾಯಿತು. ಅವರ ಉಪ್ಪಿನಕಾಯಿ ನಮ್ಮಂತೆ ಖಾರದ್ದಲ್ಲ. ಎಳೆಯ ಸೌತೆಯನ್ನು ಉಪ್ಪುನೀರಿನಲ್ಲಿಯೋ ವಿನಿಗರಿನಲ್ಲಿಯೋ ಊರಹಾಕಿ, ನಾವು ಅಕ್ಕಿರೊಟ್ಟಿಗೆ ಹಾಕುವ ಸಬ್ಬಸಿಗೆಯ ಜಾತಿಯದೇ ಸೊಪ್ಪಿನಿಂದ ಪರಿಮಳ ಕೂಡಿಸುತ್ತಾರೆ, ಅಷ್ಟೆ.

ಈ ಎಳೆಯ ಸೌತೆಯ ಮಾತು ಬಂದಾಗ ನನ್ನ ಕಿವಿ ನೆಟ್ಟಗಾಯಿತು. ಅದಕ್ಕೆ ಕಾರಣ ನನ್ನ ಅಣ್ಣ. ಆತನು ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಹನ್ನೆರಡು ವರ್ಷಗಳಿಂದ ಅರ್ಧ ಎಕರೆಯಲ್ಲಿ ಮಿಡಿಸೌತೆ ಬೆಳೆಯುತ್ತಾನೆ. ಸೌತೆ ಹಿಮಾಲಯದ ತಪ್ಪಲಿನ ಮೂಲದ್ದು; ಇಲ್ಲಿಂದ ಪಡುವಣ ದೇಶಗಳಿಗೆ ಹೋದ ಬಳ್ಳಿ, ಮಿಡಿಸೌತೆಯೆಂಬ ಹೆಸರಿನಿಂದ 1990ರ ದಶಕದಲ್ಲಿ ಕರ್ನಾಟಕದ ಹೊಲಗಳಿಗೆ ರಫ್ತಿನ ಬೆಳೆಯಾಗಿ ಬಂದು ಸೇರಿತು. ಬಳಿಕ ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೂ ಹಬ್ಬಿತು. 2020–21ನೆಯ ಸಾಲಿನಲ್ಲಿ ಭಾರತದಿಂದ ಸೌತೆ, ಮಿಡಿಸೌತೆಗಳೆರಡೂ ಸೇರಿ 2,23,000 ಟನ್ನಿಗೂ ಹೆಚ್ಚು ಹೊರದೇಶಗಳಿಗೆ ಹೋಯಿತು. ಮಿಡಿಸೌತೆಯನ್ನು ಕೊಳ್ಳುವ ದೇಶಗಳು 90ಕ್ಕೂ ಮೇಲ್ಪಟ್ಟಿವೆ. ಬೆಳೆಯುವವರು ಬಹುಮಟ್ಟಿಗೆ ಸಣ್ಣ ಹಿಡುವಳಿಯ ರೈತರು.

ಈ ಬೆಳೆಯ ಕೆಲಸವೆಂಥದೆಂಬುದನ್ನು ಕಣ್ಣಾರೆ ಕಂಡವನು ನಾನು. ಕಾಯಿಯ ಮೈಮೇಲೆ ಸಣ್ಣ ಮುಳ್ಳು. ಕೊಯ್ದ ಕೈ ಸಂಜೆಯವರೆಗೂ ಚುರುಗುಟ್ಟುತ್ತದೆ. ಅತ್ತಿಗೆಯವರು ಬೆಳಕು ಹರಿಯುವ ಮೊದಲೇ ಸಾಲು ಹಿಡಿಯಬೇಕು. ಕಾಯಿ ಸಣ್ಣದಾದಷ್ಟೂ ಬೆಲೆ ಹೆಚ್ಚು. ಒಂದು ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ತೂಗಬೇಕು, ಅದೇ ಉತ್ತಮ ದರ್ಜೆ. ಒಂದು ದಿನ ಕೊಯ್ಲು ತಪ್ಪಿದರೆ ಮಿಡಿಯಾಗಿದ್ದದ್ದು ಕಾಯಾಗಿ, ದರ್ಜೆ ಇಳಿದು, ತೂಕದ ಜಾಗದಿಂದ ಹಿಂದಕ್ಕೆ ಬರುತ್ತದೆ. ಹಾಗೆ ಹಿಂದಕ್ಕೆ ಬಂದದ್ದು ಕೊಟ್ಟಿಗೆಗೆ ಹೋಗುತ್ತಿತ್ತು. ಒಮ್ಮೆ ನಾನು, “ಅಣ್ಣ, ಇದರ ರುಚಿ ಹೇಗಿರುತ್ತದೆ?” ಎಂದು ಕೇಳಿದೆ. ಆತನು ನಕ್ಕು, “ಅದು ತಿನ್ನೋ ಕಾಯಲ್ಲ ಕಣೋ, ತೂಗೋ ಕಾಯಿ” ಎಂದ. ಹನ್ನೆರಡು ವರ್ಷ ಬೆಳೆದವನ ಮನೆಯೊಳಗೆ ಆ ಕಾಯಿ ಒಂದು ದಿನವೂ ಅಡಿಗೆಯಾಗಿರಲಿಲ್ಲ. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಕಳೆದ ದೀಪಾವಳಿಯಲ್ಲಿ ನನ್ನ ಮಗಳು ಏರ್ ಫ್ರೈಯರ್ ಎಂಬ ಯಂತ್ರವನ್ನು ತಂದುಕೊಟ್ಟಳು. ಕರಿದದ್ದನ್ನು ಕಡಮೆ ಮಾಡಿರೆಂದು ವೈದ್ಯರು ನನ್ನಾಕೆಗೆ ಹೇಳಿದ್ದರು, ಕಾರಣ ಅದು. ಹಾಲೆಂಡಿನ ಫ್ರೆಡ್ ವಾನ್ ಡೆರ್ ವೈ ಎಂಬವರ ಶೋಧನೆಯನ್ನು ಆಧರಿಸಿ ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಈ ಬಗೆಯ ಯಂತ್ರವನ್ನು ಲೋಕದ ಮುಂದಿಟ್ಟಿತು. ಒಳಗೆ ಮೇಲ್ಗಡೆ ಕಾಯುವ ತಂತಿ, ಅದರ ಹತ್ತಿರ ಒಂದು ಬೀಸಣಿಗೆ, ಕೆಳಗೆ ತೂತಿನ ಬುಟ್ಟಿ. ಕಾದ ಗಾಳಿ ವೇಗವಾಗಿ ಸುತ್ತಿ ಸುತ್ತಿ ಪದಾರ್ಥವನ್ನು ಬೇಯಿಸುತ್ತದೆ. ವಿರಾಟನಗರಿಯ ಪಾಕಶಾಲೆಯಲ್ಲಿ ವಾಯುಪುತ್ರನಾದ ಭೀಮಸೇನನು ವಲಲನೆಂಬ ಹೆಸರಿನಿಂದ ಸೌಟು ಹಿಡಿದಿದ್ದನಷ್ಟೆ. ಅದನ್ನು ನೆನೆದು ನಾನು ಈ ಯಂತ್ರಕ್ಕೆ ವಲಲನೆಂದೇ ಹೆಸರಿಟ್ಟೆ. ಮನೆಯಲ್ಲಿ ಈಗ ಎಲ್ಲರೂ ಹಾಗೆಯೇ ಕರೆಯುತ್ತಾರೆ.

ಹಳ್ಳಿಯಿಂದ ಹಿಂದಕ್ಕೆ ಬಂದ ಕಾಯಿಗಳನ್ನೇ ಒಂದು ಚೀಲ ತಂದು, ಊರಹಾಕಿ, ವಾರದ ಮೇಲೆ ವಲಲನ ಪರೀಕ್ಷೆಗೆ ಇಳಿದೆ. ಬಜ್ಜಿಯ ಹದಕ್ಕೆ ಹಿಟ್ಟು ಕಲಸಿ, ಬಿಲ್ಲೆಗಳನ್ನು ಅದ್ದಿ, ಬುಟ್ಟಿಗೆ ಹಾಕಿದೆ. ಹಿಟ್ಟೆಲ್ಲ ತೂತುಗಳಿಂದ ಸೋರಿ ತಳದಲ್ಲಿ ಸೀದುಹೋಯಿತು. ಬಿಲ್ಲೆಗಳು ಬೆತ್ತಲೆಯಾಗಿ, ಮೆತ್ತಗೆ ಕುಳಿತಿದ್ದವು. ನನ್ನಾಕೆ ಬಾಗಿಲಲ್ಲಿ ನಿಂತು ನೋಡಿ, “ಗಾಳಿಗೆ ಬಜ್ಜಿ ಬೇಯುತ್ತೇನ್ರೀ? ಸಂಡಿಗೆ ಇಡೋ ಹಾಗೆ ಮೊದಲು ನೀರು ಆರಿಸಬೇಕು” ಎಂದರು. ಪಂಡಿತ ಪರೀಕ್ಷೆಗೆ ಕುಳಿತು ನಾನು ಅದೆಷ್ಟೋ ಸೂತ್ರಗಳನ್ನು ಉರುಹೊಡೆದಿದ್ದೇನೆ. ಇಷ್ಟು ಚಿಕ್ಕದಾದ, ಇಷ್ಟು ಖಚಿತವಾದ ಸೂತ್ರವನ್ನು ಕೇಳಿರಲಿಲ್ಲ.

ಅದರ ಭಾಷ್ಯ ಹೀಗೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಪದಾರ್ಥದ ಮೈ ಒದ್ದೆಯಾಗಿರುವವರೆಗೆ ಅದರ ಬಿಸಿ ಆ ಅಂಕೆಯನ್ನು ದಾಟುವುದಿಲ್ಲ. ಹೊಂಬಣ್ಣವೂ ಗರಿಗರಿಯೂ ಬರಬೇಕಾದರೆ ಮೈ ಒಣಗಿ ಸುಮಾರು 140 ಡಿಗ್ರಿಯನ್ನು ಮುಟ್ಟಬೇಕು. ಬಾಣಲೆಯ ಎಣ್ಣೆ ಬಿಸಿಯನ್ನು ಥಟ್ಟನೆ ಕೊಡಬಲ್ಲದು. ಆದುದರಿಂದ ತೆಳು ಹಿಟ್ಟು ಬಿದ್ದ ಕ್ಷಣದಲ್ಲೇ ಗಟ್ಟಿಯಾಗುತ್ತದೆ. ಗಾಳಿಯ ಕೈ ಅಷ್ಟು ಧಾರಾಳವಲ್ಲ. ಅದು ಒಣಗಿಸುವುದರಲ್ಲಿ ಜಾಣ, ಬಿಸಿಲಿನ ಹಾಗೆ. ಆದುದರಿಂದ ನಾವು ಅದಕ್ಕೆ ಆದಷ್ಟು ಒಣಗಿದ್ದನ್ನೇ ಒಪ್ಪಿಸಬೇಕು.

ಈಗ ಕ್ರಮವನ್ನು ಹೇಳುತ್ತೇನೆ. ಅರ್ಧ ಕಿಲೋ ಮಿಡಿಸೌತೆಯನ್ನು ತೊಳೆದು, ಹೂವಿದ್ದ ಕಡೆಯ ತುದಿಯನ್ನು ಸ್ವಲ್ಪ ಕತ್ತರಿಸಿ ತೆಗೆಯಿರಿ. ಕಾಯಿಯನ್ನು ಮೆತ್ತಗೆ ಮಾಡುವ ಗುಣ ಆ ತುದಿಯಲ್ಲಿದೆ. ಒಂದು ಲೀಟರು ನೀರಿಗೆ 50 ಗ್ರಾಂ ಉಪ್ಪು ಹಾಕಿ ಕುದಿಸಿ, ಪೂರ್ತಿ ಆರಿಸಿ. ಗಾಜಿನ ಭರಣಿಯಲ್ಲಿ ಕಾಯಿ, ಒಂದು ಹಿಡಿ ಸಬ್ಬಸಿಗೆ, ಐದಾರು ಎಸಳು ಬೆಳ್ಳುಳ್ಳಿ, ಒಂದು ಚಮಚ ಸಾಸಿವೆ, ಹತ್ತು ಕಾಳು ಮೆಣಸು ಹಾಕಿ, ಉಪ್ಪುನೀರು ಸುರಿಯಿರಿ. ಕಾಯಿ ನೀರಿನಿಂದ ಮೇಲೇಳಕೂಡದು. ಶುಚಿಯಾದ ಚಿಕ್ಕ ಬಟ್ಟಲನ್ನು ಭಾರವಾಗಿಟ್ಟು, ಬಾಯಿಗೆ ಬಟ್ಟೆ ಕಟ್ಟಿರಿ. ಎರಡು ಮೂರು ದಿನಗಳಲ್ಲಿ ಗುಳ್ಳೆಯೆದ್ದು ನೀರು ಮಬ್ಬಾಗುತ್ತದೆ. ಹೆದರಬೇಡಿ, ಹಾಲನ್ನು ಮೊಸರು ಮಾಡುವ ಸೂಕ್ಷ್ಮಜೀವಿಗಳ ಬಳಗವೇ ಅಲ್ಲಿ ಕೆಲಸ ಮಾಡುತ್ತಿರುತ್ತದೆ. ನಮ್ಮ ಹವೆಯಲ್ಲಿ ಐದಾರು ದಿನಕ್ಕೆ ಹುಳಿ ಹಿಡಿಯುತ್ತದೆ. ಆಮೇಲೆ ಫ್ರಿಜ್ಜಿನಲ್ಲಿಡಿ. ಬೂಷ್ಟು ಕಂಡರೆ, ಲೋಳೆಯಾದರೆ, ಕೆಟ್ಟ ವಾಸನೆ ಬಂದರೆ ಮೋಹಪಡದೆ ಚೆಲ್ಲಿಬಿಡಿ.

ಕಾಯಿಯನ್ನು ಎರಡು ಕಾಸು ಒಂದರ ಮೇಲೊಂದಿಟ್ಟಷ್ಟು ದಪ್ಪಕ್ಕೆ ಬಿಲ್ಲೆಯಾಗಿ ಹೆಚ್ಚಿ, ಒಣಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಹೊದಿಸಿ ಒತ್ತಿರಿ. ಕಾಲು ಗಂಟೆ ಹಾಗೆಯೇ ಇರಲಿ. ಅವಸರ ಮಾಡುವವರು ಕೆಡುವುದು ಇಲ್ಲಿಯೇ. ಬಳಿಕ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಕೊಡವಿರಿ. ನಾಲ್ಕು ಚಮಚ ಕಡಲೆಹಿಟ್ಟು, ಅರ್ಧ ಚಮಚ ಖಾರದ ಪುಡಿ, ಚಿಟಿಕೆ ಓಮ ಇವನ್ನು ಗಟ್ಟಿ ಮೊಸರಿನಲ್ಲಿ, ಬೆರಳಿಗೆ ಅಂಟಿ ನಿಲ್ಲುವಂತೆ ಕಲಸಿ. ಉಪ್ಪು ಹಾಕಬೇಡಿ, ಕಾಯಿಯಲ್ಲಿಯೇ ಬೇಕಾದಷ್ಟಿದೆ. ಬಿಲ್ಲೆಯನ್ನು ಅದರಲ್ಲಿ ಅದ್ದಿ, ಪುಡಿಮಾಡಿದ ರಸ್ಕಿನಲ್ಲಿ ಹೊರಳಿಸಿ. ಆ ಪುಡಿಗೆ ಮೊದಲೇ ಎರಡು ಚಮಚ ಎಣ್ಣೆ ಹಾಕಿ ತಿಕ್ಕಿಟ್ಟುಕೊಂಡಿರಬೇಕು. ಇಡೀ ಅಡಿಗೆಗೆ ಬೇಕಾದ ಎಣ್ಣೆ ಅಷ್ಟೆ.

ಯಂತ್ರವನ್ನು 200 ಡಿಗ್ರಿಗೆ ಇಟ್ಟು ನಾಲ್ಕು ನಿಮಿಷ ಬರಿದೇ ಕಾಯಿಸಿ. ಬಿಲ್ಲೆಗಳನ್ನು ಒಂದೇ ಪದರವಾಗಿ, ನಡುವೆ ಗಾಳಿಗೆ ದಾರಿ ಬಿಟ್ಟು ಜೋಡಿಸಿ. ಎಂಟು ನಿಮಿಷವಾದ ಮೇಲೆ ಮಗುಚಿ, ಮತ್ತೆ ಮೂರು ನಾಲ್ಕು ನಿಮಿಷ ಇಡಿ. ಯಂತ್ರಯಂತ್ರಕ್ಕೂ ಸ್ವಲ್ಪ ವ್ಯತ್ಯಾಸವುಂಟು. ಕೊನೆಯ ಎರಡು ನಿಮಿಷ ಕಣ್ಣಿಟ್ಟಿರಿ. ತೆಗೆದದ್ದನ್ನು ತಟ್ಟೆಯಲ್ಲಿ ರಾಶಿ ಹಾಕಬೇಡಿ, ಒಂದರ ಹಬೆಗೆ ಇನ್ನೊಂದು ಮೆತ್ತಗಾಗುತ್ತದೆ. ಬಿಸಿಯಾಗಿರುವಾಗಲೇ ತಿನ್ನಬೇಕು.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾದೀತು. ಎಣ್ಣೆ ಕಡಮೆಯಾಯಿತೆಂದು ಇದು ಪಥ್ಯದ ಆಹಾರವೆಂದು ಭಾವಿಸಬೇಡಿ. ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಳಿ ಎಣ್ಣೆಯನ್ನು ಉಳಿಸಬಲ್ಲದು, ಉಪ್ಪನ್ನು ಹಾರಿಸಿಕೊಂಡು ಹೋಗಲಾರದು. ರಕ್ತದೊತ್ತಡ ಉಳ್ಳವರು ನಾಲ್ಕು ಬಿಲ್ಲೆಗೆ ತೃಪ್ತರಾಗತಕ್ಕದ್ದು. ನಮ್ಮ ಮನೆಯಲ್ಲಿ ಎಣಿಸಿ ಬಡಿಸುವ ಅಧಿಕಾರ ನನ್ನಾಕೆಯದು.

ಮೂರನೆಯ ಸಲ ಹದ ಸರಿಯಾಗಿ ಕೂಡಿದಾಗ, ಕಣ್ಣಿನ ಪರೀಕ್ಷೆಗೆಂದು ಅಣ್ಣ ನಮ್ಮ ಮನೆಗೆ ಬಂದಿದ್ದ. ಏನೆಂದು ಹೇಳದೆ ತಟ್ಟೆಯನ್ನು ಮುಂದಿಟ್ಟೆ. ಆತನು ಒಂದನ್ನು ಕಚ್ಚಿ, “ಬದನೆಕಾಯೇನೋ?” ಎಂದ. ಅಲ್ಲ ಎಂದೆ. ಎರಡನೆಯದನ್ನು ಬಿಡಿಸಿ ಒಳಗಿನ ಬೀಜದ ಸಾಲನ್ನು ನೋಡಿದ. ಆ ಸಾಲನ್ನು ಆತನಿಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದನ್ನೇ ಅಲ್ಲವೇನೋ ನಾವು ದನಕ್ಕೆ ಹಾಕ್ತಿದ್ದದ್ದು” ಎಂದ. ಆ ಧ್ವನಿಯಲ್ಲಿ ಸಂತೋಷವೂ ಇತ್ತು, ನಾಚಿಕೆಯಂಥದೂ ಏನೋ ಇತ್ತು. ತಟ್ಟೆ ಬರಿದಾಯಿತು.

ಬೆಲೆ ಕಟ್ಟುವವರು ಬೇರೆ ಕಡೆ ಇದ್ದಾರೆ. ಅದನ್ನು ನಾನಾಗಲಿ ವಲಲನಾಗಲಿ ತಿದ್ದಲಾರೆವು. ಆದರೆ ನಮ್ಮವರು ಬೆಳೆದದ್ದರ ರುಚಿ ನಮ್ಮವರಿಗೂ ತಿಳಿದಿರಬೇಕು ಎಂಬುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮರುವಾರ ಅತ್ತಿಗೆಯವರಿಂದ ಫೋನ್ ಬಂತು. “ನೀರಿಗೆ ಉಪ್ಪು ಎಷ್ಟು ಅಂದ್ರಿ ಮೇಷ್ಟ್ರೆ? ನಮ್ಮಲ್ಲಿ ನಿಮ್ಮ ವಲಲ ಇಲ್ಲವಲ್ಲ, ಕಾವಲಿ ಮೇಲೆ ಆಗುತ್ತಾ?” ಎಂದು ಕೇಳಿದರು. ಎರಡು ಚಮಚ ಎಣ್ಣೆ ಬಿಟ್ಟು, ಸಣ್ಣ ಉರಿಯಲ್ಲಿ, ಎರಡು ಕಡೆಯೂ ಕೆಂಪಗೆ ಬೇಯಿಸಿದರೆ ಚೆನ್ನಾಗಿಯೇ ಆಗುತ್ತದೆ ಎಂದು ಹೇಳಿದೆ. ಯಂತ್ರವಿಲ್ಲದ ವಾಚಕರಿಗೂ ಅದೇ ಉತ್ತರ. ಮೊದಲು ನೀರು ಆರಿಸುವುದನ್ನು ಮಾತ್ರ ಮರೆಯಬೇಡಿ.